ಮಡಚಿಟ್ಟ ದಾರಿಗಳು

ಆ ಮನೆಯಲ್ಲಿ ಅಕ್ಕನದು ಅಚ್ಚುಕಟ್ಟು, ತಂಗಿಯದು ಅವಾಂತರ. ತಂಗಿ ಸರ್ಕಸ್ಸಿನಲ್ಲಿ ಜೋಕರ್ ಆಗಿ ಸೇರಿದ್ದಳು. ಅಕ್ಕ ಎರಡು ಊರುಗಳ ನಡುವಿನ ನೆಟ್‌ವರ್ಕ್ ನೋಡಿಕೊಳ್ಳುವ ಇಂಜಿನಿಯರು. ಅಂದು ಬೆಳಿಗ್ಗೆ, ಯಾವ ವಿಳಾಸಕ್ಕೆ ಯಾವ ದಾರಿ ಎಂದು ರೂಟರುಗಳು ಇಟ್ಟುಕೊಳ್ಳುವ ದಾರಿಪಟ್ಟಿಯಲ್ಲಿ ಆಚೆ ಊರಿನ ಒಂದೊಂದು ರೂಟರಿಗೂ ಒಂದೊಂದು ಸಾಲಿರುವುದನ್ನು ಕಂಡು ಅವಳು ಮೂಗು ಮುರಿದಳು. ಅಷ್ಟನ್ನೂ ಒಂದೇ ಸಾಲಾಗಿ ಮಡಚಿಟ್ಟು, ಕೈ ಕೊಡವಿಕೊಂಡು, ಗುನುಗುತ್ತ ಚಹಾ ಕುಡಿಯಲು ಹೋದಳು.

ಸಂಜೆ ತಂಗಿಯ ಮೊದಲ ಪ್ರದರ್ಶನ, ಅಕ್ಕನ ನೆಟ್‌ವರ್ಕಿನ ಮೇಲೆ ಆಚೆ ಊರಿಗೂ ನೇರಪ್ರಸಾರ. ಇಬ್ಬರನ್ನೂ ಸಾಕಿ ಬೆಳೆಸಿದ ಅಜ್ಜಿ, "ನನ್ನನ್ನ ನಗಿಸಿದ್ರೆ ಸರಿ, ಇಲ್ದಿದ್ರೆ ನಾಳೆಯಿಂದ ಬ್ಯಾಂಕಿನ ಕೆಲಸ" ಎಂದು ಷರತ್ತು ಹಾಕಿ, ಆಚೆ ಊರಿನ ಸಭಾಂಗಣದ ದೊಡ್ಡ ಪರದೆಯೆದುರು ಪಟ್ಟಾಗಿ ಕುಳಿತಿದ್ದಳು. ಆಟ ಶುರುವಾಯಿತು. ಆಫೀಸಿನಲ್ಲಿದ್ದ ಅಕ್ಕನ ಫೋನೂ ಬಡಿದುಕೊಂಡಿತು.

"ಏನೇ, ಬರೀ ಕತ್ತಲು. ಇದೇನಾ ಇವಳ ತಮಾಷೆ? ನನಗಂತೂ ನಗು ಬರ್ಲಿಲ್ಲ."

"ಇರಜ್ಜಿ, ಫೋನ್ ಇಡ್ಬೇಡ" ಎನ್ನುತ್ತ ಅಕ್ಕ ಪಕ್ಕದ ಮೇಜಿಗೆ ಹಾರಿದಳು. ಅಲ್ಲಿದ್ದ ಹಿರಿಯ ಸಹೋದ್ಯೋಗಿಗೆ ಆಫೀಸಿನವರೆಲ್ಲ ಇಟ್ಟ ಹೆಸರು ಗೊಣಗಣ್ಣ.

"ಆಚೆ ರೂಟರನ್ನ ಕೂಗಿದ್ರೆ ಓಗೊಡ್ತಿದೆ ಕಣಮ್ಮ," ಎಂದು ಗೊಣಗಣ್ಣ ಗೊಣಗಿದ. "ಚಿತ್ರಕ್ಕೆ ಮಾತ್ರ ಏನು ಬಡ್ಕೊಂಡಿದೆಯೋ."

ಚಿತ್ರದ ಪ್ರಯಾಣವೇ ಬೇರೆ. ನಡುವಿನ ರೂಟರುಗಳು ಅದರ ವಿಳಾಸವನ್ನು ಓದುವ ಗೊಡವೆಗೆ ಹೋಗದೆ, ಮೇಲಂಟಿಸಿದ ಲೇಬಲ್ಲನ್ನಷ್ಟೇ ನೋಡಿ ಕೈಯಿಂದ ಕೈಗೆ ದಾಟಿಸುತ್ತವೆ. ಯಾವ ರೂಟರಿಗೆ ಯಾವ ಲೇಬಲ್ ಎಂಬುದನ್ನು ನೆರೆಯ ರೂಟರುಗಳು ಮೊದಲೇ ಪರಸ್ಪರ ಹೇಳಿಕೊಂಡಿರುತ್ತವೆ.

"ಲೇಬಲ್ ಬಂದಿದೆಯಾ, ಅಣ್ಣ?"

"ಬಂದಿದೆ. ನಮ್ಮ ರೂಟರು ಇಸ್ಕೊಂಡು ಮೂಲೇಲಿ ಇಟ್ಟಿದೆ, ಬಳಸ್ತಿಲ್ಲ. ಆಚೆ ರೂಟರಿನ ವಿಳಾಸ ತನ್ನ ಪಟ್ಟೀಲಿಲ್ಲ ಅಂತ ಬಿಗುಮಾನ."

"ಇಲ್ದೆ ಏನು? ಆ ದೊಡ್ಡ ಸಾಲಿನೊಳಗೇ..." ಎನ್ನುತ್ತ ಅಕ್ಕ ಬೆಳಿಗ್ಗೆ ತಾನೇ ಮಡಚಿಟ್ಟ ಸಾಲನ್ನು ಮತ್ತೊಮ್ಮೆ ಓದಿದಳು. ದಾರಿ ಹುಡುಕಲು ಬೀದಿಯ ಹೆಸರು ಸಾಕು. ಲೇಬಲ್ ಬಳಸಲು ಮಾತ್ರ ಅದೇ ಮನೆಯ ಅದೇ ವಿಳಾಸ ಪಟ್ಟಿಯಲ್ಲಿರಬೇಕು. ಅವಳು ಮನೆಗಳನ್ನೆಲ್ಲ ಅಳಿಸಿ ಬೀದಿಯೊಂದನ್ನೇ ಉಳಿಸಿದ್ದಳು.

"ಯಾವ ಪುಣ್ಯಾತ್ಮರಪ್ಪ ಇದನ್ನ ಮಡಚಿದ್ದು? ಅವರ ಮುಖ ನೋಡ್ಬೇಕು ನಾನು."

"ನೋಡ್ತಾನೇ ಇದೀರಲ್ಲ ಅಣ್ಣ."

ಗೊಣಗಣ್ಣ ನಕ್ಕ ರಭಸಕ್ಕೆ ಅವನ ಚಕ್ರದ ಆಫೀಸು ಕುರ್ಚಿ ಗೋಡೆಯವರೆಗೆ ಉರುಳಿತು. ನಗು ತಡೆಯಲಾರದೆ ಅಕ್ಕನ ಬೆರಳುಗಳೂ ತಪ್ಪುತ್ತಿದ್ದವು. ಆದರೂ ಮಡಿಕೆ ಬಿಚ್ಚಿದಳು. ಸಾಲುಗಳು ಒಂದೊಂದಾಗಿ ಮರಳಿದವು, ಮೂಲೆಯ ಲೇಬಲ್ಲುಗಳು ಕೆಲಸಕ್ಕೆ ಇಳಿದವು.

ಆಚೆ ಪರದೆ ಬೆಳಗಿದಾಗ ತಂಗಿ ಒಂದು ಕಾಲನ್ನು ಬಕೆಟ್ಟಿನೊಳಗೆ ಸಿಕ್ಕಿಸಿಕೊಂಡು, ಬಿಡಿಸಿಕೊಳ್ಳಲು ಹೋಗಿ ತಲೆಯ ಮೇಲೆ ಇನ್ನೊಂದು ಬಕೆಟ್ಟು ಮಗುಚಿಕೊಂಡು, ದಿಕ್ಕುತಪ್ಪಿ ವಾದ್ಯದವರ ನಡುವೆ ದೊಪ್ಪನೆ ಬಿದ್ದಳು. ಫೋನಿನಲ್ಲಿ ಮೊದಲು ಸೀನು ತಡೆದಂಥ ಸದ್ದು. ಆಮೇಲೆ ಅಜ್ಜಿಯ ನಗು ಕಟ್ಟೆಯೊಡೆದು ಹರಿಯಿತು.

"ಅಜ್ಜೀ, ಹಾಗಾದ್ರೆ ಬ್ಯಾಂಕಿನ ಕೆಲಸ?"

"ಥೂ, ಸುಮ್ನಿರೇ. ಅವಳು ಮತ್ತೆ ಏಳ್ತಾ ಇದಾಳೆ, ನೋಡೋಕೆ ಬಿಡು."