ಎದುರಿಗೆ ಒಬ್ಬರು ಬೇಕು

ನಾನು ಒಂದು ಹಲಗೆ. ಹುಟ್ಟಿದ್ದು ರಾಣೇಬೆನ್ನೂರಿನಲ್ಲಿ, ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ. ಪ್ರಾಯವೆಲ್ಲ ಮೆಣಸಿನಕಾಯಿ ಚೀಲಗಳ ಕೆಳಗೆ ಸೀನುತ್ತಲೇ ಕಳೆಯಿತು. ಲಾರಿ ಗುಜರಿಗೆ ಹೋದಾಗ ಬಡಿಗೇರ ಕಾಳಪ್ಪ ನನ್ನನ್ನು ಉಳಿಸಿಕೊಂಡು, ಉಜ್ಜಿ ನುಣುಪು ಮಾಡಿ, ನಡುವಿಗೆ ಕಬ್ಬಿಣದ ಕೊಳವೆ ಕೂರಿಸಿ ಅಂಗನವಾಡಿಯ ಅಂಗಳದಲ್ಲಿ ನಿಲ್ಲಿಸಿದ. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ! ಮಲಗಿಯೇ ಊರೂರು ಸುತ್ತಿದ ನನಗೆ ಮೊದಲ ಸಲ ಹಾರಿದಂತಾಯಿತು.

ನನ್ನದು ಒಂದೇ ಷರತ್ತು, ಎದುರಿಗೆ ಒಬ್ಬರು ಬೇಕು. ಆ ಷರತ್ತೇ ದೀಕ್ಷಾಳ ಕುತ್ತಿಗೆಗೆ ಬಂತು.

ನಾಲ್ಕು ವರ್ಷದ ಹುಡುಗಿ, ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಅವಳು ಮೇಲಿದ್ದಾಗ ಎದುರಿನ ಮೌನೇಶ ಇದ್ದಕ್ಕಿದ್ದಂತೆ ಇಳಿದುಬಿಟ್ಟ. ಧೊಪ್ಪನೆ ಬಿದ್ದಳು. "ಬೇಕಂತ ಕೆಡವ್ಯಾನ್ರೀ" ಎಂದು ಕೂಗಿ ಅವನ ಕೈ ಕಚ್ಚಿದಳು.

ಅಂದಿನಿಂದ ಅವಳೆದುರು ಯಾರೂ ಕೂರಲಿಲ್ಲ. ಕೆಳಗಿನ ತುದಿಯಲ್ಲಿ ಒಬ್ಬಳೇ ಕುಕ್ಕರಿಸಿ, ಮೇಲಿನ ಖಾಲಿ ತುದಿಯನ್ನು ನೋಡುತ್ತಿದ್ದಳು. ನನ್ನ ಕರುಳು ಚುರುಕ್ಕೆನ್ನುತ್ತಿತ್ತು. ಹಲಗೆಗೆಲ್ಲಿ ಕರುಳು ಎನ್ನಬೇಡಿ.

ಕಡೆಗೆ ಮಕ್ಕಳಿಗೆ ಕಲಿಸುವ ಶಕುಂತಲಾ ಅಕ್ಕೋರೇ ಸೆರಗು ಸಿಕ್ಕಿಸಿ ಎದುರಿಗೆ ಕೂತರು. ಸರ್ರನೆ ದೀಕ್ಷಾ ಆಕಾಶಕ್ಕೆ! ಕೆಳಗೆ ಬರುವ ಮಾತೇ ಇಲ್ಲ, ಅಕ್ಕೋರ ತೂಕ ಅಂಥದು. ಅಷ್ಟರಲ್ಲಿ ಒಳಗಿನಿಂದ ಬೇಳೆ ಸೀಯುವ ವಾಸನೆ ಬಂತು.

"ಬ್ಯಾಳಿ ಸೀಯಾಕತ್ತೈತವ್ವಾ. ಇಳೀತೀನಿ, ಗಟ್ಟಿ ಹಿಡ್ಕೊ" ಎಂದು, ನನ್ನನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡುತ್ತ ಎದ್ದು ಒಳಗೆ ಓಡಿದರು.

ದೀಕ್ಷಾ ಅಳಲಿಲ್ಲ. ಈ ಸಲ ಧೊಪ್ಪನೆ ಬೀಳದೆ ಮೆಲ್ಲಗೆ ನೆಲ ಮುಟ್ಟಿದಳು. ಆಮೇಲೆ ನೆಟ್ಟಗೆ ಮೌನೇಶನ ಹತ್ತಿರ ನಡೆದಳು. ಅವನು ಕೈ ಹಿಂದೆ ಬಚ್ಚಿಟ್ಟುಕೊಂಡ.

"ಅವತ್ತ ಯಾಕ ಇಳದಿ?"

"ಚಡ್ಡಿ ಜಾರ್ತಿತ್ತು."

ಅವಳು ಅವನ ಚಡ್ಡಿ ನೋಡಿದಳು. ಈಗಲೂ ಜಾರುತ್ತಿತ್ತು. ಕಿಸಕ್ಕನೆ ನಕ್ಕುಬಿಟ್ಟಳು.

"ಹೇಳಿ ಇಳಿ ಮತ್ತ."

"ನೀ ಕಚ್ಚಂಗಿಲ್ಲ."

"ಇಲ್ಲ."

ಒಂದು ಕೈಯಲ್ಲಿ ಚಡ್ಡಿ ಹಿಡಿದು ಮೌನೇಶ ಹತ್ತಿದ. ಮೇಲೆ, ಕೆಳಗೆ, ಮತ್ತೆ ಮೇಲೆ! ನನ್ನ ಕೊಳವೆ ಕಿರ್ರೋ ಎಂದು ಕಿರುಚಿತು. ಅಷ್ಟು ಸಂತೋಷ ನನಗೆ ಯಾವ ಲಾರಿಯಲ್ಲೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು, "ಇಳೀತೀನಿ, ಗಟ್ಟಿ ಹಿಡ್ಕೊ" ಅಂದ. ದೀಕ್ಷಾ ಗಟ್ಟಿಯಾಗಿ ಹಿಡಿದುಕೊಂಡಳು.

ಈಗ ನಾನು ಸೀಳು ಬಿಟ್ಟು, ಗೋಡೆಗೆ ಒರಗಿದ ಬೆಂಚಾಗಿದ್ದೇನೆ. ನನ್ನ ಜಾಗಕ್ಕೆ ಹಳದಿ ಪ್ಲಾಸ್ಟಿಕ್ಕಿನವನು ಬಂದಿದ್ದಾನೆ. ಮಕ್ಕಳೂ ಬೇರೆ, ದೀಕ್ಷಾ ಯಾರೆಂದು ಯಾರಿಗೂ ಗೊತ್ತಿಲ್ಲ. ಆದರೂ ಇಳಿಯುವ ಮೊದಲು ಪ್ರತಿಯೊಂದು ಮಗುವೂ ಕೂಗುತ್ತದೆ, "ಇಳೀತೀನಿ, ಗಟ್ಟಿ ಹಿಡ್ಕೊ!"

"ಇವಕ್ಕ ಇದನ್ನ ಯಾರ ಕಲಿಸ್ಯಾರ?" ಎಂದು ಹೊಸ ಅಕ್ಕೋರು ಬೆರಗಾಗಿ ಕೇಳುತ್ತಾರೆ. ನನ್ನ ಮೇಲೆ ಕೂತೇ ಕೇಳುತ್ತಾರೆ, ನೋಡಿ.