ಹಿಂದಿನ ಸೀಟು

ಮದುವೆಯಾದ ದಿನದಿಂದ ಎಲ್ಲದರಲ್ಲೂ ನಮ್ಮವರು ಮುಂದೆ, ನಾನು ಹಿಂದೆ. ಕಯಾಕ್ ಎಂಬ ಇಬ್ಬರು ಕೂರುವ ಕಿರುದೋಣಿಯಲ್ಲೂ ಅಷ್ಟೇ. ಪುಕ್ಕದಿಂದ ಕಟ್ಟಿದ ಹುಸಿ ನೊಣವನ್ನು ನೀರಿನ ಮೇಲೆ ಕುಣಿಸಿ ಮೀನು ಹಿಡಿಯುವ ಹುಚ್ಚು ಅವರಿಗೆ. ಒಂದು ಕೈಗೆ ಕೋಲು, ಇನ್ನೊಂದಕ್ಕೆ ದಾರ. ಹುಟ್ಟು ಹಾಕಲು ಮೂರನೆಯ ಕೈ ಎಲ್ಲಿಂದ ತರುತ್ತಾರೆ, ಪಾಪ? ಅದು ನಾನು.

ಹರಿಯುವ ನೀರಿನಲ್ಲಿ ದೋಣಿ ನಿಂತಲ್ಲೇ ನಿಲ್ಲಬೇಕೆಂದರೆ ಒಂದೇ ಸಮನೆ ಹುಟ್ಟು ಹಾಕುತ್ತಿರಬೇಕು. ಮೂತಿ ಒಂದು ಗೇಣು ವಾಲಿದರೆ ಸಾಕು, ಸೆಳವು ಅಡ್ಡ ತಿರುಗಿಸಿ ಎಳೆದೊಯ್ಯುತ್ತದೆ. ನಾನು ಕೆಲಸ ಮಾಡುವ ಟೈಲರ್ ಅಂಗಡಿಯಲ್ಲಿ ದಪ್ಪ ಬಟ್ಟೆ ಕತ್ತರಿಸಿ ಕತ್ತರಿಸಿ ನನ್ನ ಬಲಗೈ ಬೆರಳುಗಳಿಗೆ ಜೋಮು ಹಿಡಿದಿತ್ತು. ಸೂಜಿ ಜಾರಿದರೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅವರ ಇದೊಂದು ಸುಖಕ್ಕೂ ಕಲ್ಲು ಹಾಕಿದಂತಾಗುತ್ತದೆಂದು ಸುಮ್ಮನಿದ್ದೆ.

ಅವತ್ತು ಮೀನು ಕಚ್ಚಿತು. ಸಾಮಾನ್ಯದ್ದಲ್ಲ, ಕೋಲು ಬಿಲ್ಲಿನಂತೆ ಬಾಗಿತು.

"ಬಿಡ್ಬೇಡ ಕಣೇ, ಗಟ್ಟಿಯಾಗಿ ನಿಲ್ಸು!" ತಿರುಗದೆಯೇ ಕೂಗಿದರು.

ಹಲ್ಲು ಕಚ್ಚಿ ನಿಲ್ಲಿಸಿದೆ. ಬೆವರೊರೆಸಲು ಎಡಗೈ ಎತ್ತಿದೆನಷ್ಟೆ, ಆಮೇಲೆ ನೋಡಿದರೆ ಬಲಗೈ ಖಾಲಿ. ಹುಟ್ಟು ಜಾರಿದ್ದು ಬೆರಳುಗಳಿಗೇ ಗೊತ್ತಾಗಿರಲಿಲ್ಲ. ಅದು ಆಗಲೇ ಕೈಗೆಟುಕದಷ್ಟು ದೂರ ತೇಲಿಹೋಗಿತ್ತು.

ದೋಣಿ ಮೀನಿನ ಹಿಂದೆಯೇ ಓಡಿತು. ಮುಂದೆ ಹೊಳೆಗೆ ಕಟ್ಟಿದ ಅಡ್ಡಗಟ್ಟೆ. ನೀರು ಧುಮುಕುವ ಸದ್ದು ಕೇಳಿಸುತ್ತಿತ್ತು.

"ಭಲೇ! ಮೀನು ಹೋದ ಕಡೆಗೇ ಬಿಡ್ತಿದೀಯಲ್ಲ! ನಿನ್ನಂಥವಳು ಯಾರಿಗೂ ಸಿಗಲ್ಲ ಬಿಡು!"

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ಅಳು ಬಂತು. ಅಂಗೈಯಿಂದ ನೀರು ಬಡಿದೆ. ಆ ಸೆಳವಿಗೆ ಅದು ಯಾವ ಲೆಕ್ಕ?

"ಹುಟ್ಟು ಹೋಯ್ತು ಕಣ್ರೀ," ಎಂದೆ ಕೊನೆಗೆ.

"ಆಮೇಲ್ ಹೇಳು, ಆಮೇಲ್ ಹೇಳು!"

ಅಡ್ಡಗಟ್ಟೆಗೆ ಸ್ವಲ್ಪವೇ ಮೊದಲು, ನೀರಿಗೆ ಬಿದ್ದಿದ್ದ ಮರವೊಂದರ ಕೊಂಬೆಗಳಿಗೆ ದೋಣಿ ಸಿಕ್ಕಿಕೊಂಡು ಗಕ್ಕನೆ ನಿಂತಿತು. ದಾರ ಪಟ್ಟನೆ ಹರಿಯಿತು.

"ಯಾಕೇ ನಿಲ್ಸಿದೆ?" ಎಂದು ಸಿಡುಕುತ್ತಾ ತಿರುಗಿದರು. ನಾನು ಎರಡೂ ಖಾಲಿ ಕೈ ಎತ್ತಿ ತೋರಿಸಿದೆ; ಬಲಗೈ ಬೆರಳುಗಳು ಜೋತುಬಿದ್ದಿದ್ದವು. ಅವರು ಕೋಲನ್ನು ಕೆಳಗಿಟ್ಟು, ನನ್ನ ಬಲಗೈ ಹಿಡಿದು ಒಂದೊಂದೇ ಬೆರಳು ಮಡಿಸಿದರು. ಬಿಟ್ಟೊಡನೆ ಎಲ್ಲವೂ ಸಡಿಲಾದವು. ಅವರ ಮುಖ ಬಿಳಿಚಿಕೊಂಡಿತು.

"ಯಾವಾಗಿಂದ ಹೀಗೆ?"

"ಹೋದ್ವರ್ಷದಿಂದ."

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳ್ತಿದ್ದೆ. ನೀವು ಒಂದ್ಸಲ ತಿರುಗಿ ನೋಡಿದ್ದಿದ್ರೆ."

ಕೊಂಬೆ ಲಟಕ್ಕೆಂದಿತು, ದೋಣಿ ಇನ್ನಷ್ಟು ಓರೆಯಾಯಿತು. ಅವರು ಕೊಂಬೆಯನ್ನು ಬಿಗಿಯಾಗಿ ಹಿಡಿದುಕೊಂಡರು, ನನ್ನ ಕೈಯನ್ನೂ ಬಿಡಲಿಲ್ಲ. ದಂಡೆಯ ಕಡೆ ಮುಖ ಮಾಡಿ, "ಯಾರಾದ್ರೂ ಇದೀರಾ?" ಎಂದು ಕೂಗತೊಡಗಿದರು. ದಂಡೆಯಲ್ಲಿ ಯಾರೂ ಇರಲಿಲ್ಲ.