ಹೂಂ ಅನ್ನೋ ಚಾಳಿ

ನಮ್ಮಜ್ಜಿ ಅಮ್ಮಾಜಮ್ಮನ ಕಥೆಗೆ ಒಂದು ಕಟ್ಟಳೆ ಇದೆ. ಕೇಳುವವರು ಮಾತಿಗೊಂದು ಸಲ "ಹೂಂ" ಅನ್ನಬೇಕು. ಹೂಂ ನಿಂತಲ್ಲಿ ಕಥೆಯೂ ನಿಲ್ಲುತ್ತದೆ. ರಾಜಕುಮಾರ ಎತ್ತಿದ ಕತ್ತಿ ಎತ್ತಿದ ಹಾಗೇ ನಿಂತಿರಬೇಕು, ಪಾಪ. ಹಾಗೆ ಬೆಳೆದವಳು ನಾನು. ಯಾರು ಏನು ಕೇಳಿದರೂ ಮೊದಲು ಹೂಂ, ಆಮೇಲೆ ಯೋಚನೆ.

ಈ ಚಾಳಿಯೇ ಆ ಶುಕ್ರವಾರ ನನಗೆ ಕೈಕೊಟ್ಟಿತು.

ಗೌರಿಬಿದನೂರಿನ ನನ್ನ ದೊಡ್ಡಮ್ಮನ ಮಗಳು ಶಿರೀಷಕ್ಕ ಅವತ್ತು ಸಂಜೆ ಚೊಚ್ಚಲ ಹೆರಿಗೆಗೆ ಆಸ್ಪತ್ರೆ ಸೇರುವವಳಿದ್ದಳು. ಮಾರನೇ ದಿನ ಬೆಳಗ್ಗೆ ಆಪರೇಷನ್. "ಭಯ ಆಗ್ತಿದೆ ಕಣೇ ಮೌನಿ. ಅಜ್ಜಿ ಕಥೆ ಕಳ್ಸು, ಕಿವೀಲಿ ಹಾಕ್ಕೊಂಡು ಮಲಗ್ತೀನಿ" ಅಂದಿದ್ದಳು. ಹೂಂ ಅಂದಿದ್ದೆ.

ಕಥೆ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅಜ್ಜಿ ಇದ್ದಬದ್ದ ಹಲ್ಲೆಲ್ಲ ಕೀಳಿಸಲು ಚಿಕ್ಕಬಳ್ಳಾಪುರಕ್ಕೆ ಹೋಗುವ ಮುಂಚಿನ ಭಾನುವಾರ, ಮುದ್ದೆ ಉಂಡು ರೇಷ್ಮೆ ಹುಳದ ಮನೆ ಜಗುಲಿಯಲ್ಲಿ ಕೂತು, ಕಿರಿ ಸೊಸೆ ಸೂರ್ಯನ ಮನೆಗೆ ಸಾಸಿವೆ ಕೇಳೋಕೆ ಹೋದ ಕಥೆಯನ್ನು ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದೆ. ಈಗ ಹಲ್ಲಿನ ಸೆಟ್ಟು ಬರುವ ತನಕ ಅಜ್ಜಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡೇ ಮಾತಾಡುವುದು. ಸ ಅಂದರೆ ಫ ಬರುತ್ತದೆ. ಮತ್ತೆ ಹೇಳು ಅಂದರೆ ಸುತರಾಂ ಒಪ್ಪಲಿಲ್ಲ. ಹಲ್ಲಿದ್ದ ಕಾಲದ ಕಥೆ ಅಂತ ಉಳಿದದ್ದು ಅದೊಂದೇ.

ಕಳಿಸುವ ಮುಂಚೆ ಒಂಚೂರು ಚೊಕ್ಕ ಮಾಡೋಣ ಅನ್ನಿಸಿತು. ಒಳಗೆ ರೇಷ್ಮೆ ಹುಳ ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ ಸೇರಿಕೊಂಡಿತ್ತು. ಅದನ್ನು ತೆಗೆಯುವ ಒಂದು ಹೊಸ ಸಾಫ್ಟ್‌ವೇರ್ ಪ್ಯಾಕೇಜನ್ನು ಹಾಕಹೊರಟೆ. ನನ್ನದು ಲಿನಕ್ಸ್. ಕಪ್ಪು ಪರದೆಯ ಮೇಲೆ ಏನೇನೋ ಉದ್ದಕ್ಕೆ ಬರೆದು, ಕೊನೆಗೆ ಮುಂದುವರಿಯಲಾ ಅಂತ ಕೇಳಿತು.

ಹೂಂ ಅಂತ ಯೆಸ್‌ನ ವೈ ಕೀ ಒತ್ತಿದೆ.

ಕಥೆ ರೆಕಾರ್ಡ್ ಮಾಡಿದ್ದ ಪ್ರೋಗ್ರಾಮು, ಆ ರೆಕಾರ್ಡರೇ ಮಾಯ! ಅದು ಉಳಿಸಿದ ಕಥೆಯ ಫೈಲು ಮಾತ್ರ ಇದೆ, ಬೇರೆ ಯಾವುದರಲ್ಲೂ ತೆರೆಯುವುದಿಲ್ಲ. ಮತ್ತೆ ಹಾಕಲು ಹೋದರೆ ಆಗಲ್ಲ, ಬೇಕಾದದ್ದು ಸಿಗುತ್ತಿಲ್ಲ ಅಂತ ಕೆಂಪಕ್ಷರದಲ್ಲಿ ಗದರಿತು. ಮುದ್ದೇನಹಳ್ಳಿ ಕಡೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿರುವ ಗೆಳೆಯ ಸಿದ್ಧಾರ್ಥನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಈ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟವನೂ ಅವನೇ.

"ಇವೆಲ್ಲ ಹೋಗ್ತವೆ ಅಂತ ಒಂದು ಪಟ್ಟಿ ತೋರಿಸಿರತ್ತಲ್ಲೇ, ಓದ್ಲಿಲ್ವಾ?"

"ಹೂಂ ಅಂದ್ಬಿಟ್ಟೆ ಕಣೋ."

"ನಿನ್ನ ಮದ್ವೇಲಿ ಹುಷಾರಾಗಿರಮ್ಮ. ಪುರೋಹಿತರು ಏನು ಕೇಳಿದ್ರೂ ಹೂಂ ಅಂದ್ಬಿಟ್ಟೀಯ."

"ನಗಬೇಡ, ಅಳು ಬರ್ತಿದೆ."

ಅವನ ನಗು ನಿಂತಿತು. ಪರದೆಯಲ್ಲಿರುವುದನ್ನು ಒಂದೊಂದಾಗಿ ಓದಿಸಿದ. "ನೋಡು, ಎರಡಕ್ಕೂ ಬೇಕಾಗಿರೋದು ಒಂದೇ ಲೈಬ್ರರಿ, ಅಂದ್ರೆ ಎರಡೂ ಹಂಚ್ಕೊಂಡು ಬಳಸೋ ಕೋಡು. ರೆಕಾರ್ಡರಿಗೆ ಅದರ ಹಳೇ ವರ್ಷನ್ನೇ ಆಗ್ಬೇಕು, ಹೊಸ ಪ್ಯಾಕೇಜಿಗೆ ಹೊಸದೇ. ಎರಡನ್ನೂ ಒಂದೇ ಜಾಗದಲ್ಲಿ ಇಡೋ ಹಾಗಿಲ್ಲ. ಒಂದನ್ನ ಕರ್ಕೊಂಡ್ರೆ ಇನ್ನೊಂದು ಮುನಿಸ್ಕೊಂಡು ಹೊರಡತ್ತೆ."

ಜಗುಲಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಅಜ್ಜಿ ಸೆರಗಿನ ಹಿಂದಿನಿಂದ ಕೇಳಿತು: "ಲೈಬ್ರರಿನಾ? ಶಿಡ್ಲಘಟ್ಟದ ಬಫ್‌ಫ್ಟಾಂಡ್ ಹತ್ರದ್ದಾ?"

ನನ್ನ ತಲೆಗೆ ಬಂದದ್ದು ನಮ್ಮ ಅಡುಗೆಮನೆ. ನನ್ನ ಅಮ್ಮನಿಗೂ ಚಿಕ್ಕಮ್ಮನಿಗೂ ಒಂದೇ ಒಲೆಯಲ್ಲಿ ಆಗುತ್ತಿರಲಿಲ್ಲ. ಒಬ್ಬರಿಗೆ ಸಾರು ತಿಳಿಯಾಗಿರಬೇಕು, ಇನ್ನೊಬ್ಬರಿಗೆ ಗಟ್ಟಿ. ಯಾರನ್ನೂ ಹೊರಗೆ ಕಳಿಸದೆ ಹಿತ್ತಲ ಕಡೆ ಇನ್ನೊಂದು ಒಲೆ ಹೂಡಿಸಿದರು ತಾತ. ಸೂರು ಒಂದೇ, ಬಾಗಿಲು ಒಂದೇ, ಹಬ್ಬದ ದಿನ ಒಬ್ಬಟ್ಟು ಮಾತ್ರ ಒಟ್ಟಿಗೆ.

"ಸಿದ್ಧು, ಒಲೆ ಬೇರೆ ಮಾಡೋಕಾಗಲ್ವಾ?"

"ಏನ್ ಬೇರೆ?"

ಹೇಳಿದೆ. ಆ ಕಡೆ ಕಿಸಕ್ಕನೆ ನಕ್ಕ. "ಅದನ್ನೇ ಹೇಳೋಕೆ ಹೊರಟಿದ್ದೆ ಕಣೇ. ಕಂಟೇನರ್ ಅಂತಾರೆ. ರೆಕಾರ್ಡರಿಗೆ ಅದರದೇ ಕೋಣೆ, ಅಲ್ಲೇ ಅದರ ಹಳೇ ಲೈಬ್ರರಿ. ಹೊಸದು ಇದ್ದಲ್ಲೇ ಇರ್ಲಿ. ಆದ್ರೆ ಈ ಸಲ ಓದಿ ಹೂಂ ಅನ್ನು."

ಓದಿದೆ. ಅಕ್ಷರಕ್ಷರ. ಯಾವುದೂ ಹೊರಗೆ ಹೋಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ವೈ ಒತ್ತಿದೆ. ನಮ್ಮ ನೆಟ್ಟಿನಲ್ಲಿ ಅದು ತೆವಳಿಕೊಂಡು ಇಳಿಯಿತು. ಅಷ್ಟರಲ್ಲಿ ಶಿರೀಷಕ್ಕನ ಮೆಸೇಜು: ಆಟೋ ಬಂತು, ಹೊರಟ್ವಿ.

ರೆಕಾರ್ಡರ್ ತೆರೆದುಕೊಂಡಿತು. ಅಜ್ಜಿಯ ಹಲ್ಲಿದ್ದ ದನಿ ಜಗುಲಿ ತುಂಬ ಹರಡಿತು. "ಸೊಸೆ ಸಾಸಿವೆ ಡಬ್ಬಿ ನೋಡ್ತಾಳೆ, ಖಾಲಿ..." ಅಜ್ಜಿ ಸೆರಗು ಇಳಿಸಿ, ಯಾರೋ ನೆಂಟರ ಮಾತು ಕೇಳುವವಳಂತೆ ಕಿವಿಗೊಟ್ಟಿತು. ಮಧ್ಯೆ ಮಧ್ಯೆ ನನ್ನ ಹೂಂ. ಬರಬರುತ್ತಾ ಸಣ್ಣಗಾಗುವ ಹೂಂ.

"...ಸೊಸೆ ಬಾಗ್ಲು ತಟ್ಟಿದ್ಲು. ಸೂರ್ಯ ತೆಗೆದ. ಏನಂದ ಗೊತ್ತಾ?"

ಹೂಂ ಇಲ್ಲ.

"ಏಯ್, ಮೌನೀ? ಅಯ್ಯೋ ಪಿಚ್ಚಿ ಪಿಲ್ಲ, ಹುಚ್ಚು ಹುಡುಗಿ, ನಿದ್ದೆ ಹೋಗಿದೆ."

ದುಪ್ಪಟಿ ಹೊದಿಸಿದ ಸರಸರ. ಆಮೇಲೆ ಬರೀ ಹುಳ ಮೇಯುವ ಸದ್ದು, ಉದ್ದಕ್ಕೂ.

ಕಥೆ ಪೂರ್ತಿ ಇದೆ ಅಂತಲೇ ಅಂದುಕೊಂಡಿದ್ದೆ. ಶಿರೀಷಕ್ಕ ಇದನ್ನು ಕಿವಿಯಲ್ಲಿ ಹಾಕಿಕೊಂಡು, ಸೂರ್ಯನ ಬಾಗಿಲಲ್ಲೇ ನಿಂತುಕೊಂಡು ಹೇಗೆ ಮಲಗುತ್ತಾಳೆ? ಅಜ್ಜಿಯ ಮುಖ ನೋಡಿದೆ. ಕೇಳುವ ಧೈರ್ಯ ಬರಲಿಲ್ಲ.

ಅಜ್ಜಿ ಮೈಕನ್ನು ತಾನೇ ಹತ್ತಿರ ಎಳೆದುಕೊಂಡಿತು. "ನಗಬಾರ್ದು. ನಿದ್ದೆ ಮಾಡಬಾರ್ದು. ಹೂಂ ಅನ್ಬೇಕು."

"ಹೂಂ."

"ಫೂರ್ಯ ಅಂದ: ಫಾಫಿವೆ ತಗೊಂಡೋಗಮ್ಮಾ, ವಾಪಫ್ ಕೊಡೋಕೆ ನೀನು ಇಷ್ಟು ದೂರ ಬರ್ಬೇಡ. ನಾನೇ ದಿನಾ ಬೆಳಗ್ಗೆ ನಿಮ್ಮ ಬಾಗ್ಲಿಗೆ ಬಂದು ಕೇಳ್ತೀನಿ."

"ಹೂಂ..."

"ಅದಕ್ಕೇ ಈಗ್ಲೂ ಬರ್ತಾನೆ. ಫೊಫೆ ನಾಳೆ ಕೊಡ್ತೀನಿ ಅಂತಾಳೆ. ಅವನೂ ಹೂಂ ಅಂತಾನೆ."

ಹಳೆಯದನ್ನೂ ಈಗ ರೆಕಾರ್ಡಾದದ್ದನ್ನೂ ಜೋಡಿಸಿದೆ. ಹುಳದ ಸದ್ದನ್ನು ಮುಟ್ಟಲಿಲ್ಲ. ಕಳಿಸಿದೆ.

ಜಗುಲಿಯ ದೀಪ ಆರಿಸುವ ಹೊತ್ತಿಗೆ ಆಸ್ಪತ್ರೆಯಿಂದ ಶಿರೀಷಕ್ಕನ ವಾಯ್ಸ್ ಮೆಸೇಜ್ ಬಂತು. ಮೊದಲು ತಡೆಯಲಾರದ ನಗು. ಹೊಟ್ಟೆ ಹಿಡಿದುಕೊಂಡು ನಗುತ್ತಿರಬೇಕು. "ಫೂರ್ಯ ಅಂತೆ!" ಆಮೇಲೆ ಒಂದು ನಿಟ್ಟುಸಿರು. ಆಮೇಲೆ ನಿದ್ದೆಗಣ್ಣಿನ, ಮೆತ್ತನೆಯ ದನಿ:

"ಹೂಂ, ಅಜ್ಜೀ. ಹೂಂ."